ಹಸಿ ಪಪ್ಪಾಯಿಗೂ ಕ್ಯಾನ್ಸರ್ ಹರಡುವುದಕ್ಕೂ ಸಂಬಂಧವಿದೆಯೇ?

ಪ್ರಶ್ನೆ: ಅತ್ತಿಗೆಗೆ ಸ್ತನ ಕ್ಯಾನ್ಸರ್ ಇದೆ. ಅಂಗಾಂಶವನ್ನು ಕರಗಿಸುವ ಕಿಣ್ವಗಳಿಂದ ಈ ರೋಗ ಹರಡುತ್ತದೆಂದು ಓದಿದೆ. ಮಾಂಸ ಬೇಗ ಬೇಯಲೆಂದು ನಾವು ಹಾಕುವ ಹಸಿ ಪಪ್ಪಾಯಿಯಲ್ಲಿಯೂ ಅಂಥದೇ ಕಿಣ್ವವಿದೆಯಲ್ಲವೇ? ಅವರು ಆ ಸಾರು ತಿನ್ನಬಹುದೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಧಾರಾಳವಾಗಿ ತಿನ್ನಬಹುದು. ಪಪ್ಪಾಯಿಯಲ್ಲಿರುವ ಪಪೇನ್ ಎಂಬ ಕಿಣ್ವ ಚೆನ್ನಾಗಿ ಕುದಿಸಿದಾಗ ಶಕ್ತಿ ಕಳೆದುಕೊಳ್ಳುತ್ತದೆ. ಅಳಿದುಳಿದದ್ದು ಹೊಟ್ಟೆಯಲ್ಲಿ ಉಳಿದ ಪ್ರೋಟೀನುಗಳಂತೆಯೇ ಜೀರ್ಣವಾಗುತ್ತದೆ.

ನೀವು ಓದಿದ ಕಿಣ್ವಗಳು ನಮ್ಮ ದೇಹವೇ ತಯಾರಿಸುವಂಥವು. ಸತುವಿನ ಅಯಾನಿನ ನೆರವಿನಿಂದ ಕೆಲಸ ಮಾಡುವ ಇವುಗಳಲ್ಲಿ ಮೊದಲನೆಯದನ್ನು 1962ರಲ್ಲಿ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೆರ್ ಪತ್ತೆಹಚ್ಚಿದ್ದು ಗೊದಮೊಟ್ಟೆಯ ಬಾಲದಲ್ಲಿ: ಮಳೆಗಾಲದಲ್ಲಿ ನಿಮ್ಮ ಭತ್ತದ ಗದ್ದೆಗಳಲ್ಲಿ ಕಾಣುವ ಆ ಮರಿಗಳು ಕಪ್ಪೆಯಾಗುವಾಗ ಬಾಲದ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳನ್ನು ಕತ್ತರಿಸುವುದು ಇದೇ ಕಿಣ್ವ. ನಮ್ಮಲ್ಲಿ ಗಾಯ ಮಾಯುವುದಕ್ಕೂ ಇವು ಬೇಕು. ಸ್ತನದ ಹಾಲಿನ ನಾಳವನ್ನು ಸುತ್ತುವರಿದ ತೆಳುವಾದ ತಳಪೊರೆಯು ಬೇಲಿಯಂತೆ ಕೋಶಗಳನ್ನು ಒಳಗೇ ತಡೆದಿರುತ್ತದೆ. ಗಡ್ಡೆಯ ಕೋಶಗಳೂ, ಅವುಗಳ ಪ್ರಚೋದನೆಗೆ ಒಳಗಾದ ಸುತ್ತಲಿನ ಆರೋಗ್ಯವಂತ ಕೋಶಗಳೂ ಈ ಕಿಣ್ವಗಳನ್ನು ಅತಿಯಾಗಿ ಸ್ರವಿಸಿದಾಗ ಆ ಪೊರೆ ಹರಿದು, ಕ್ಯಾನ್ಸರ್ ರಕ್ತನಾಳ, ದುಗ್ಧರಸ (ಲಿಂಫ್) ನಾಳಗಳತ್ತ ಸಾಗಲು ದಾರಿಯಾಗುತ್ತದೆ.

ಹಾಗಾದರೆ ಇವನ್ನೇ ತಡೆಯಬಾರದೇಕೆ? 1990ರ ದಶಕದಲ್ಲಿ ಮಾರಿಮಾಸ್ಟಾಟ್ ಮೊದಲಾದ ಔಷಧಿಗಳನ್ನು ಪ್ರಯೋಗಿಸಿದಾಗ ರೋಗಿಗಳಿಗೆ ಕೀಲುನೋವು ಬಂದಿತೇ ಹೊರತು ನಿರೀಕ್ಷಿಸಿದ ಫಲ ಸಿಗಲಿಲ್ಲ. ಅಂದಹಾಗೆ, ಕಿಣ್ವದ ಮಾತ್ರೆಗಳನ್ನು ಯಾರಾದರೂ ಸೂಚಿಸಿದರೆ, ನಿಮ್ಮ ಅತ್ತಿಗೆಯ ವೈದ್ಯರನ್ನು ಕೇಳದೆ ಕೊಡಬೇಡಿ.