ಓಹಾಯೋ ಪ್ಲೇಟಿನ ಕಾರನ್ನು ಕ್ಯಾಲಿಫೋರ್ನಿಯಾದಲ್ಲಿ ದಾನ ಕೊಡಬಹುದಾ?

ನೀವು ಕೇಳಿರುವುದು ಇಷ್ಟು: ಓಹಾಯೋದಿಂದ ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದೀರಿ, ಹಳೇ ಕಾರು ಇನ್ನೂ ಓಹಾಯೋ ರಿಜಿಸ್ಟ್ರೇಷನ್‌ನಲ್ಲೇ ಇದೆ. ಇಲ್ಲಿನ ಚಾರಿಟಿಗೆ ಕೊಡಬೇಕಾದರೆ ಮೊದಲು ಇಲ್ಲಿ ರಿಜಿಸ್ಟರ್ ಮಾಡಿಸಬೇಕಾ?

ಬೇಡ. ಹಾಗೇ ಕೊಡಬಹುದು. ನಾನೂ ಕೊಲಂಬಸ್‌ನಿಂದ ಸ್ಯಾನ್ ಹೋಸೆಗೆ ಬಂದವನು. ನನ್ನ ಕೊರೊಲಾವನ್ನು ಓಹಾಯೋ ಕಾಗದದ ಮೇಲೇ ಕೊಟ್ಟೆ. ಒಂದು ವಾರದಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ ಒಂದೂವರೆ ತಿಂಗಳು ಹಿಡಿಯಿತು. ತಪ್ಪು ನನ್ನದೇ, ಅದನ್ನು ಮುಂದೆ ಹೇಳುತ್ತೇನೆ.

ನಮಗೆ ಈ ಭಯ ಬರುವುದು ಊರಿನ ಅಭ್ಯಾಸದಿಂದ. ಪುಣೆಯ ಗಾಡಿ ಬೆಂಗಳೂರಿಗೆ ಬಂದರೆ ಪುಣೆಯ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಬೆಂಗಳೂರಿನಲ್ಲಿ ರೋಡ್ ಟ್ಯಾಕ್ಸ್ ಕಟ್ಟಬೇಕು, ಹೊಸ ನಂಬರ್ ತಗೋಬೇಕು. ನಮ್ಮೂರಲ್ಲಿ ಎಲ್ಲವೂ ಆರ್‌ಸಿಯಲ್ಲೇ ಇರುತ್ತದೆ. ಅಮೆರಿಕದಲ್ಲಿ ಹಾಗಲ್ಲ, ಎರಡು ಬೇರೆ ಬೇರೆ ಕಾಗದ. ಟೈಟಲ್ ಅನ್ನುವುದು ಮನೆಯ ಕ್ರಯಪತ್ರದ ಹಾಗೆ. ರಿಜಿಸ್ಟ್ರೇಷನ್ ಅನ್ನುವುದು ಕಂದಾಯ ಕಟ್ಟಿದ ರಸೀದಿಯ ಹಾಗೆ. ಚಾರಿಟಿಯವರಿಗೆ ಬೇಕಾಗಿರುವುದು ಕ್ರಯಪತ್ರ. ರಿಜಿಸ್ಟ್ರೇಷನ್ ಅವಧಿ ಮುಗಿದಿದ್ದರೂ ಸಾಮಾನ್ಯವಾಗಿ ತಗೋತಾರೆ, ಯಾಕೆಂದರೆ ಕಾರನ್ನು ಟೋ ಟ್ರಕ್ಕಿನಲ್ಲಿ ಎತ್ತಿಕೊಂಡು ಹೋಗುತ್ತಾರೆ. ಆದರೆ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ 20 ದಿನದೊಳಗೆ ಕಾರನ್ನು ಇಲ್ಲಿ ರಿಜಿಸ್ಟರ್ ಮಾಡಿಸಬೇಕು ಅನ್ನುವ ನಿಯಮ ಇದೆ. ಹಾಗಾಗಿ ಕೊಡುವುದಾದರೆ ಬೇಗ ಕೊಡಿ. ಹೇಗೂ ಕೊಡುವ ಕಾರು ತಾನೇ ಅಂತ ತಿಂಗಳುಗಟ್ಟಲೆ ಓಡಿಸಬೇಡಿ.

ಈಗ ನನ್ನ ಎಡವಟ್ಟು. ಟೈಟಲ್ ಹಿಂಬದಿಯಲ್ಲಿ ಮಾರುವವರ ಸಹಿಗೆ ಜಾಗ ಇರುತ್ತದೆ. ಟೋ ಟ್ರಕ್ ಬರುವ ಹಿಂದಿನ ರಾತ್ರಿ ಊಟದ ಮೇಜಿನ ಮುಂದೆ ಕೂತು, ಒಂದು ಕೆಲಸ ಮುಗಿಯಿತು ಅಂತ ಸಹಿ ಹಾಕಿಬಿಟ್ಟೆ. ಬೆಳಿಗ್ಗೆ ಚಾರಿಟಿಯವರು ಫೋನಿನಲ್ಲಿ ಕೇಳಿದರು, "ಓಹಾಯೋ ಟೈಟಲ್ ಅಲ್ವಾ, ನೋಟರಿ ಆಗಿದೆಯಾ?" ಅಲ್ಲಿಯವರೆಗೂ ನನಗೆ ಗೊತ್ತಿರಲಿಲ್ಲ. ಓಹಾಯೋ ಟೈಟಲ್‌ನಲ್ಲಿ ಮಾರುವವರು ನೋಟರಿಯ ಎದುರಿಗೇ ಸಹಿ ಹಾಕಬೇಕು. ಬ್ಯಾಂಕಿಗೆ ಓಡಿದೆ. ಅಲ್ಲಿನ ನೋಟರಿ ಕಾಗದ ನೋಡಿ ಮೆಲ್ಲಗೆ ನನ್ನ ಕಡೆಗೇ ತಳ್ಳಿದರು. ತಾನು ಕಣ್ಣಾರೆ ನೋಡದ ಸಹಿಗೆ ಮುದ್ರೆ ಒತ್ತುವ ಹಾಗಿಲ್ಲ ಎಂದರು. ಹೊಡೆದು ಹಾಕಿ ಪಕ್ಕದಲ್ಲಿ ಬರೆಯಲೂ ಆಗುವುದಿಲ್ಲ, ತಿದ್ದಿದ ಟೈಟಲ್ ಕೆಟ್ಟ ಹಾಗೇ. ಕೊನೆಗೆ ಅಂಚೆಯಲ್ಲಿ ಓಹಾಯೋಕ್ಕೆ ಅರ್ಜಿ ಕಳಿಸಿ ಡೂಪ್ಲಿಕೇಟ್ ಟೈಟಲ್ ತರಿಸಬೇಕಾಯಿತು. ಟೈಟಲ್ ಕಳೆದುಹೋಗಿದ್ದರೂ ದಾರಿ ಇದೇ: ಅದನ್ನು ಕೊಟ್ಟ ಸ್ಟೇಟಿನಿಂದಲೇ ತರಿಸಬೇಕು, ಈಗ ವಾಸ ಇರುವ ಸ್ಟೇಟಿನ ಡಿಎಂವಿಯಲ್ಲಿ (ನಮ್ಮ ಆರ್‌ಟಿಒ ಇದ್ದ ಹಾಗೆ) ಸಿಗುವುದಿಲ್ಲ.

ನೋಟರಿ ಓಹಾಯೋದವರೇ ಆಗಬೇಕಿಲ್ಲ, ಇಲ್ಲಿನವರೇ ಸಾಕು. ಪೆನ್ಸಿಲ್ವೇನಿಯಾ, ಕೆಂಟಕಿ, ನಾರ್ತ್ ಕ್ಯಾರೊಲಿನಾ ಟೈಟಲ್‌ಗಳಿಗೂ ನೋಟರಿ ಬೇಕು. ಕ್ಯಾಲಿಫೋರ್ನಿಯಾ, ಟೆಕ್ಸಸ್ ಟೈಟಲ್‌ಗಳಿಗೆ ಬೇಡ. ಇಲ್ಲಿನ ಸ್ನೇಹಿತರು "ಸುಮ್ನೆ ಸಹಿ ಹಾಕಿ ಕೊಡು, ನಾನು ಹಾಗೇ ಕೊಟ್ಟೆ" ಅನ್ನುತ್ತಾರೆ. ಅವರ ಕಾರಿಗೆ ಅದು ಸರಿ, ನಿಮ್ಮದಕ್ಕೆ ಅಲ್ಲ. ಯಾವ ಸ್ಟೇಟಿನ ಟೈಟಲ್ಲೋ ಆ ಸ್ಟೇಟಿನ ನಿಯಮ. ಚಾರಿಟಿಗೆ ಫೋನ್ ಮಾಡಿ, ಯಾವ ಖಾನೆಯಲ್ಲಿ ಏನು ಬರೆಯಬೇಕು ಅಂತ ಕೇಳುವ ತನಕ ಪೆನ್ನು ಮುಟ್ಟಬೇಡಿ. ಕೊಳ್ಳುವವರ ಹೆಸರಿನ ಜಾಗ ಖಾಲಿ ಬಿಟ್ಟು ಸಹಿ ಹಾಕುವುದಂತೂ ಬೇಡವೇ ಬೇಡ.

ಟೈಟಲ್ ಮುಂಬದಿಯನ್ನೂ ಒಮ್ಮೆ ನೋಡಿ. ಗಂಡ ಹೆಂಡತಿ ಇಬ್ಬರ ಹೆಸರಿದ್ದರೆ ಇಬ್ಬರೂ ಸಹಿ ಹಾಕಬೇಕಾಗಬಹುದು. ಕೆಲವು ಸ್ಟೇಟ್‌ಗಳಲ್ಲಿ ಹೆಸರುಗಳ ನಡುವೆ 'ಆರ್' ಇದ್ದರೆ ಒಬ್ಬರ ಸಹಿ ಸಾಕು, 'ಆಂಡ್' ಇದ್ದರೆ ಇಬ್ಬರದೂ ಬೇಕು. ಒಬ್ಬರು ಆಗಲೇ ಬೆಂಗಳೂರಿಗೆ ಹೊರಟುಹೋಗಿದ್ದರೆ ಇದೇ ದೊಡ್ಡ ತಲೆನೋವು, ಪವರ್ ಆಫ್ ಅಟಾರ್ನಿ ಮಾಡಿಸಬೇಕಾಗುತ್ತದೆ. ಇನ್ನೊಂದು, ಕಾರಿನ ಸಾಲ ಎಂದೋ ತೀರಿಸಿದ್ದರೂ ಟೈಟಲ್ ಮೇಲೆ ಬ್ಯಾಂಕಿನ ಹೆಸರು ಉಳಿದಿರಬಹುದು. ಆಗ ಬ್ಯಾಂಕಿನಿಂದ ಲೀನ್ ರಿಲೀಸ್, ಅಂದರೆ ಸಾಲ ತೀರಿದೆ ಅನ್ನುವ ಪತ್ರ ತರಿಸಿಕೊಳ್ಳಿ. 2011 ಅಥವಾ ಆಮೇಲಿನ ಮಾಡೆಲ್ ಆದರೆ ಓಡೋಮೀಟರ್ ಓದಿ ಮೈಲಿಯನ್ನೂ ಬರೆಯಬೇಕು. ಇದು ಕೇಂದ್ರದ ನಿಯಮ, ಸ್ಟೇಟ್ ಯಾವುದಾದರೂ ಒಂದೇ.

ತೆರಿಗೆ ಉಳಿಯುತ್ತೆ ಅಂತ ಕೊಡುತ್ತಿದ್ದರೆ ಸ್ವಲ್ಪ ನಿಲ್ಲಿ. ಇಂಟರ್ನೆಟ್ಟಿನಲ್ಲಿ ಕಾಣುವ ಬೆಲೆಯನ್ನು ಆದಾಯದಿಂದ ಹಾಗೇ ಕಳೆಯುವ ಕಾಲ 2005ರಿಂದ ಹೋಯಿತು. ಚಾರಿಟಿಯವರು ಕಾರನ್ನು ಹರಾಜಿಗೆ ಹಾಕಿದರೆ, 500 ಡಾಲರ್‌ಗಿಂತ ಜಾಸ್ತಿ ಬಂದಾಗ ಬಂದಷ್ಟೇ ನಿಮ್ಮ ಲೆಕ್ಕಕ್ಕೆ. ಮಾರಿದ 30 ದಿನದೊಳಗೆ 1098-ಸಿ ಅನ್ನುವ ಫಾರಂ ಕಳಿಸುತ್ತಾರೆ, ಅದನ್ನು ರಿಟರ್ನ್ ಜೊತೆ ಲಗತ್ತಿಸಬೇಕು, 8283 ಅನ್ನುವ ಇನ್ನೊಂದು ಫಾರಂ ತುಂಬಬೇಕು. ಕಾರನ್ನು ಸಂಸ್ಥೆಯೇ ಇಟ್ಟುಕೊಂಡು ಬಳಸಿದರೆ ಅಥವಾ ಬಡವರಿಗೆ ಕೊಟ್ಟರೆ ಮಾರುಕಟ್ಟೆ ಬೆಲೆಯ ಲೆಕ್ಕ ನಡೆಯುತ್ತದೆ. ಹಾಗೆ ಆಗುವುದು ಅಪರೂಪ.

ನನ್ನ ಕೊರೊಲಾ ಹರಾಜಿನಲ್ಲಿ 850 ಡಾಲರ್‌ಗೆ ಹೋಯಿತು. 22 ಪರ್ಸೆಂಟ್ ತೆರಿಗೆಯವರಿಗೆ ಅದರಿಂದ ಉಳಿಯುವುದು 187 ಡಾಲರ್. ಅದೂ ಐಟಮೈಸ್ ಮಾಡಿದರೆ, ಅಂದರೆ ರಿಟರ್ನ್‌ನಲ್ಲಿ ಕಳೆಯಬಹುದಾದ ಖರ್ಚನ್ನು ಒಂದೊಂದಾಗಿ ಪಟ್ಟಿ ಮಾಡಿದರೆ ಮಾತ್ರ. ಪಟ್ಟಿ ಇಲ್ಲದೆಯೇ ಕಳೆಯಬಹುದಾದ ಸ್ಟ್ಯಾಂಡರ್ಡ್ ಡಿಡಕ್ಷನ್ 2025ಕ್ಕೆ ಒಬ್ಬರಿಗೆ 15,750, ಜಂಟಿಯಾಗಿ ತುಂಬುವ ದಂಪತಿಗೆ 31,500 ಡಾಲರ್. ಬಾಡಿಗೆ ಮನೆಯಲ್ಲಿರುವ ಹೆಚ್ಚಿನವರು ಅದನ್ನು ದಾಟುವುದಿಲ್ಲ, ಅಂದರೆ ಉಳಿತಾಯ ಸೊನ್ನೆ. ನನಗೂ ಸೊನ್ನೆಯೇ! 2026ರಿಂದ ಐಟಮೈಸ್ ಮಾಡದವರಿಗೂ ಒಂದಿಷ್ಟು ದಾನದ ವಿನಾಯಿತಿ ಬಂದಿದೆ. ಆದರೆ ಅದು ಹಣ ಕೊಟ್ಟವರಿಗೆ, ಕಾರು ಕೊಟ್ಟವರಿಗಲ್ಲ. ದುಡ್ಡೇ ಮುಖ್ಯವಾದರೆ ಹೊಸದಾಗಿ ಬಂದ ಯಾರಾದರೂ ಕನ್ನಡದ ಹುಡುಗನಿಗೆ ಕಡಿಮೆ ಬೆಲೆಗೆ ಮಾರಿ. ಇಬ್ಬರಿಗೂ ಲಾಭ.

ಚಾರಿಟಿಯ ಹೆಸರನ್ನು ತೆರಿಗೆ ಇಲಾಖೆಯ (ಐಆರ್‌ಎಸ್) ವೆಬ್‌ಸೈಟಿನಲ್ಲಿ ಹುಡುಕಿ ನೋಡಿ, 501(ಸಿ)(3), ಅಂದರೆ ತೆರಿಗೆ ವಿನಾಯಿತಿ ಇರುವ ದತ್ತಿ ಸಂಸ್ಥೆಯೇ ಅಂತ ಖಚಿತ ಮಾಡಿಕೊಳ್ಳಿ. ಎಷ್ಟೋ ಸಂಸ್ಥೆಗಳು ಕಾರಿನ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿರುತ್ತವೆ, ಅವರು ತಮ್ಮ ಪಾಲು ಹಿಡಿದುಕೊಳ್ಳುತ್ತಾರೆ. ನೂರು ಡಾಲರ್‌ನಲ್ಲಿ ಸಂಸ್ಥೆಗೆ ಎಷ್ಟು ಸೇರುತ್ತದೆ ಅಂತ ಚಾರಿಟಿಯವರನ್ನು ನೇರವಾಗಿ ಕೇಳಿ. ಕೇಳುವುದಕ್ಕೆ ಸಂಕೋಚ ಯಾಕೆ?

ಟೋ ಟ್ರಕ್ ಬರುವ ದಿನ ಸ್ಕ್ರೂಡ್ರೈವರ್ ಹತ್ತಿರ ಇಟ್ಟುಕೊಳ್ಳಿ. ಓಹಾಯೋ ಪ್ಲೇಟ್ ನಿಮ್ಮದು, ಬಿಚ್ಚಿ ಇಟ್ಟುಕೊಳ್ಳಬೇಕು. ಕ್ಯಾಲಿಫೋರ್ನಿಯಾದ ಮಾಮೂಲಿ ಪ್ಲೇಟ್ ಆಗಿದ್ದರೆ ಕಾರಿನ ಜೊತೆಗೇ ಹೋಗುತ್ತಿತ್ತು. ನ್ಯೂಯಾರ್ಕ್ ಪ್ಲೇಟ್ ಇರುವವರು ಮಾತ್ರ ಎಚ್ಚರ: ಮೊದಲು ಪ್ಲೇಟ್ ವಾಪಸ್ ಕೊಟ್ಟು ಆಮೇಲೆ ಇನ್ಶೂರೆನ್ಸ್ ನಿಲ್ಲಿಸಬೇಕು. ಉಲ್ಟಾ ಮಾಡಿದರೆ ಲೈಸೆನ್ಸ್‌ಗೇ ಸಂಚಕಾರ ಬರಬಹುದು. ಟೈಟಲ್‌ನ ಎರಡೂ ಬದಿಯ ಫೋಟೋ ತೆಗೆಯಿರಿ, ಡ್ರೈವರ್ ಕೈಯಿಂದ ರಸೀದಿ ತಗೊಳ್ಳಿ. ನಾಳೆ ಆ ಕಾರಿನ ಹೆಸರಿನಲ್ಲಿ ಪಾರ್ಕಿಂಗ್ ದಂಡ ಬಂದರೆ ತೋರಿಸುವುದಕ್ಕೆ ಏನಾದರೂ ಇರಬೇಕಲ್ಲ. ಟೋಲ್ ಟ್ಯಾಗ್ ಗಾಜಿನ ಮೇಲೇ ಅಂಟಿಕೊಂಡಿರುತ್ತದೆ, ಅದನ್ನೂ ಕಿತ್ತುಕೊಳ್ಳಿ. ನಾನು ಮರೆತಿದ್ದೆ, ಟ್ರಕ್ ಹಿಂದೆ ಅರ್ಧ ಬೀದಿ ಓಡಿದೆ.