ಶ್ರಮದಾನಕ್ಕೆ ಈ ಎರಡು ಕೆಲಸ ಬೇಡ

ಗುಬ್ಬಿ ತಾಲ್ಲೂಕಿನ ನಿವೃತ್ತ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಅವರ ಊರಿನ ಸಮುದಾಯ ಭವನ 1970ರ ದಶಕದ್ದು. ಮೇಲೆ ಸಿಮೆಂಟ್ ಶೀಟು, ಬಾಗಿಲು ಕಿಟಕಿಗೆ ಪದರದ ಮೇಲೆ ಪದರ ಎನಾಮಲ್ ಬಣ್ಣ. ಒಂದು ಕೋಣೆಯಲ್ಲಿ ಅಂಗನವಾಡಿ ನಡೆಯುತ್ತಿದೆ. ಈಗ ದುರಸ್ತಿಗೆ ಪಂಚಾಯಿತಿ ಹಣ ಬಂದಿದೆ. ಕೂಲಿ ಉಳಿಸಲು ಊರಿನ ಹುಡುಗರೇ ಒಂದು ಭಾನುವಾರ ಶೀಟು ಇಳಿಸಿ, ಬಣ್ಣ ಕೆರೆದು ಕೊಡುತ್ತಾರಂತೆ. ಒಡೆದ ಶೀಟು ಭವನದ ಮುಂದಿನ ಗುಂಡಿಗೆ, ಹಳೇ ಬಾಗಿಲು ಸೌದೆಗೆ. "ಇವೆಲ್ಲ ವಿಷ ಅಂತಾರೆ, ನಿಜವೇ? ಇಷ್ಟು ವರ್ಷ ಮಕ್ಕಳು ಇದರ ಕೆಳಗೇ ಆಡಿದ್ದಾರಲ್ಲ?" ಎಂದು ಕೇಳಿದ್ದಾರೆ.

ಮೇಷ್ಟ್ರೇ, ನಮಸ್ಕಾರ. ಊರಿನ ಹುಡುಗರು ಭವನಕ್ಕಾಗಿ ಭಾನುವಾರ ಬಿಡಲು ತಯಾರಿದ್ದಾರೆ ಎಂದು ಓದಿ ಸಂತೋಷವಾಯಿತು. ಆದರೆ ದಯವಿಟ್ಟು ಈ ಎರಡು ಕೆಲಸ ಮಾತ್ರ ಅವರಿಂದ ಮಾಡಿಸಬೇಡಿ. ಶೀಟು ಸುಮ್ನೆ ಮೇಲೆ ಕೂತಿದ್ದಾಗ ಆಗುವ ಅಪಾಯ ಕಡಿಮೆ. ಅದನ್ನು ಒಡೆಯುವ ದಿನ ಆಗುವ ಅಪಾಯ ಬಹಳ ಜಾಸ್ತಿ. ಬಣ್ಣದ ಕಥೆಯೂ ಹೆಚ್ಚು ಕಡಿಮೆ ಇದೇ.

ಮೊದಲು ಶೀಟು. ಆ ಕಾಲದ ಸಿಮೆಂಟ್ ಶೀಟಿನಲ್ಲಿ ಸಿಮೆಂಟಿನ ಜೊತೆ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್ ಎಳೆಗಳು ಇರುತ್ತವೆ. ಶೀಟು ಗಟ್ಟಿಯಾಗಿರುವವರೆಗೆ ಸಿಮೆಂಟು ಅವನ್ನು ಹಿಡಿದಿಡುತ್ತದೆ. ಸುತ್ತಿಗೆಯಲ್ಲಿ ಹೊಡೆದರೆ, ಗ್ರೈಂಡರ್‌ನಲ್ಲಿ ಕೊಯ್ದರೆ, ಪಾಚಿ ತೆಗೆಯಲು ತಂತಿ ಬ್ರಷ್‌ನಿಂದ ಉಜ್ಜಿದರೆ ಎಳೆಗಳು ಗಾಳಿಗೆ ಬರುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಕೆಮ್ಮು ಕೂಡ ಬರುವುದಿಲ್ಲ. ಶ್ವಾಸಕೋಶದಲ್ಲಿ ಕೂತು 20ರಿಂದ 40 ವರ್ಷದ ನಂತರ ಕ್ಯಾನ್ಸರ್ ಆಗಿ ಕಾಣಿಸಬಹುದು. ಬೀಡಿ ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಇನ್ನೂ ಹಲವು ಪಟ್ಟು. 60ಕ್ಕೂ ಹೆಚ್ಚು ದೇಶಗಳು ಕಲ್ನಾರನ್ನು ನಿಷೇಧಿಸಿವೆ. ನಮ್ಮಲ್ಲಿ ಈಗಲೂ ಕಲ್ನಾರು ಶೀಟು ಅಂಗಡಿಯಲ್ಲಿ ಸಿಗುತ್ತದೆ. ಅದಕ್ಕೇ ಜನ ಇದನ್ನು ಸಾಮಾನ್ಯ ಸಾಮಾನು ಎಂದುಕೊಳ್ಳುತ್ತಾರೆ. ಇದು ನನಗೆ ತುಂಬಾ ಬೇಸರದ ಸಂಗತಿ.

ಕಲ್ನಾರು ಇದೆಯೋ ಇಲ್ಲವೋ ಎಂದು ನೋಡಿ ಹೇಳಲು ಆಗುವುದಿಲ್ಲ. ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದಲ್ಲೇ ನೋಡಬೇಕು. ನಿಮ್ಮದು 70ರ ದಶಕದ ಶೀಟು, ಹಾಗಾಗಿ ಇದೆ ಎಂದೇ ತಿಳಿದು ನಡೆಯಿರಿ. ಶೀಟು ಬಿರುಕಿಲ್ಲದೆ ಗಟ್ಟಿಯಾಗಿದ್ದರೆ ಇಳಿಸಲೇಬೇಕು ಎಂದೇನೂ ಇಲ್ಲ. ಕೋತಿಗಳು ಕುಣಿದು ಮೂಲೆಗಳು ಮುರಿದಿವೆ, ಮಳೆಗೆ ಸೋರುತ್ತದೆ ಎಂದು ಬರೆದಿದ್ದೀರಿ. ಹಾಗಿದ್ದರೆ ಇಳಿಸುವುದೇ ಸರಿ.

ಅನುಭವ ಇರುವ ಗುತ್ತಿಗೆದಾರರಿಗೇ ಕೊಡಿ, ಹೇಗೆ ಮಾಡಬೇಕೆಂದು ಬರವಣಿಗೆಯಲ್ಲಿ ಹಾಕಿಸಿ. ಶೀಟನ್ನು ಮೊದಲು ನೀರು ಚಿಮುಕಿಸಿ ಒದ್ದೆ ಮಾಡಬೇಕು, ಸ್ವಲ್ಪ ಸೋಪು ಬೆರೆಸಿದರೆ ನೀರು ಚೆನ್ನಾಗಿ ಹಿಡಿಯುತ್ತದೆ. ಜೋರಾಗಿ ಪೈಪು ಬಿಡಬಾರದು. ತುಕ್ಕು ಹಿಡಿದ ಬೋಲ್ಟನ್ನು ಕತ್ತರಿಸಿ, ಶೀಟನ್ನು ಇಡಿಯಾಗಿ ಇಳಿಸಬೇಕು. ಮೇಲಿಂದ ಎಸೆಯುವಂತಿಲ್ಲ. ಕೆಳಗಿಳಿದ ಮೇಲೆ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ ಟೇಪು ಹಾಕಬೇಕು. ಮುಖಕ್ಕೆ ಟವೆಲ್ ಕಟ್ಟಿದರೆ ಏನೂ ಉಪಯೋಗವಿಲ್ಲ, ಸಣ್ಣ ಧೂಳು ತಡೆಯುವ ಫಿಲ್ಟರ್ ಮಾಸ್ಕೇ ಬೇಕು. ಕೆಲಸದ ಬಟ್ಟೆ ಮನೆಗೆ ಹೋಗಬಾರದು. ಕೆಲಸಗಾರರ ಬಟ್ಟೆ ಒಗೆದ ಹೆಂಡತಿಯರಿಗೂ ಈ ಕಾಯಿಲೆ ಬಂದ ಉದಾಹರಣೆಗಳು ಹಲವು ದೇಶಗಳಲ್ಲಿವೆ. ಕೊನೆಗೆ ನೆಲವನ್ನು ಒಣ ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಆಷಾಢದ ಗಾಳಿಯಲ್ಲಂತೂ ಈ ಕೆಲಸ ಬೇಡವೇ ಬೇಡ.

ಇನ್ನೊಂದು ಮಾತು. ಹಳೇ ಶೀಟಿನ ಮೇಲೆ ಕಾಲಿಟ್ಟರೆ ಅದು ಒಡೆದು ಆಳು ಕೆಳಗೆ ಬೀಳುತ್ತಾನೆ. ಕ್ಯಾನ್ಸರ್‌ಗೆ ವರ್ಷಗಳು ಬೇಕು, ಇದಕ್ಕೆ ಒಂದು ಕ್ಷಣ ಸಾಕು. ಹಲಗೆ ಹಾಸದೆ, ಮೈಗೆ ಸುರಕ್ಷತಾ ಬೆಲ್ಟ್ ಕಟ್ಟದೆ ಯಾರನ್ನೂ ಹತ್ತಿಸಬೇಡಿ.

ಗುಂಡಿಗೆ ತುಂಬುವ ಯೋಚನೆ ಬಿಟ್ಟುಬಿಡಿ. ಗಾಡಿ ಓಡಾಡಿ ಪುಡಿಯಾಗಿ, ಬೇಸಿಗೆಯಲ್ಲಿ ಊರೆಲ್ಲ ಹಾರುತ್ತದೆ. ಅಪಾಯಕಾರಿ ತ್ಯಾಜ್ಯವನ್ನು ಹೂಳುವ ಘಟಕ ನಿಮ್ಮ ಜಿಲ್ಲೆಯ ಗಡಿಯ ಆಚೆ, ದಾಬಸ್‌ಪೇಟೆಯಲ್ಲೇ ಇದೆ. ತುಮಕೂರಿನ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೆ ಪಿಡಿಒ ಅವರಿಂದ ಒಂದು ಪತ್ರ ಹಾಕಿಸಿ, ದಾರಿ ಕೇಳಿ. ಸಾಗಣೆ ಖರ್ಚನ್ನು ಅಂದಾಜು ಪಟ್ಟಿ ಮಾಡುವಾಗಲೇ ಸೇರಿಸಿ. ಆಮೇಲೆ ಹಣ ಹುಟ್ಟುವುದಿಲ್ಲ.

ಇನ್ನು ಬಣ್ಣ. ಗೋಡೆಗೆ ಮೊದಲಿಂದ ಸುಣ್ಣವೇ ಇದ್ದರೆ ಗೋಡೆಯ ಚಿಂತೆ ಬಿಡಿ. ಬಣ್ಣದಲ್ಲಿನ ವಿಷ ಸೀಸ, ಅಂದರೆ ಲೆಡ್. ಅದು ಇರುವುದು ಬಾಗಿಲು, ಕಿಟಕಿ, ಕಂಬಿಯ ಎನಾಮಲ್‌ನಲ್ಲಿ. ಹಳದಿ, ಕೆಂಪು, ಕೇಸರಿ, ಹಸಿರಿನಲ್ಲಿ ಜಾಸ್ತಿ. ನಮ್ಮ ದೇಶದಲ್ಲಿ ಮನೆಬಳಕೆ ಬಣ್ಣದ ಸೀಸಕ್ಕೆ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 90 ಭಾಗ ಎಂಬ ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಬಣ್ಣದಲ್ಲಿ ಇದರ ನೂರಾರು ಪಟ್ಟು ಸೀಸ ಇರಬಹುದು. ಮರದವರೆಗಿನ ಎಲ್ಲ ಪದರವೂ ಬರುವಂತೆ ಒಂದು ಚೂರು ತೆಗೆದು ಬೆಂಗಳೂರಿನ ಲ್ಯಾಬಿಗೆ ಕೊಟ್ಟರೆ ಎಷ್ಟಿದೆ ಎಂದು ಹೇಳುತ್ತಾರೆ.

ನನಗೆ ಹೆಚ್ಚು ಭಯ ಕಿಟಕಿಗಳದ್ದು. ತೆಗೆದು ಮುಚ್ಚುವಾಗಲೆಲ್ಲ ಬಣ್ಣ ಉಜ್ಜಿ ಪುಡಿಯಾಗಿ ನೆಲಕ್ಕೆ ಬೀಳುತ್ತದೆ. ಅಂಗನವಾಡಿ ಮಕ್ಕಳು ಕೂರುವುದು ಅದೇ ನೆಲದ ಮೇಲೆ, ಕೈ ಬಾಯಿಗೆ ಇಡುವ ವಯಸ್ಸು. ದೊಡ್ಡವರ ದೇಹಕ್ಕಿಂತ ಚಿಕ್ಕ ಮಕ್ಕಳ ದೇಹ ನುಂಗಿದ ಸೀಸವನ್ನು 4-5 ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಬೆಳೆಯುವ ಮೆದುಳಿಗೆ ಆದ ಹಾನಿ ಹಿಂದಕ್ಕೆ ಬರುವುದಿಲ್ಲ. ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಪ್ರಮಾಣವೇ ಸೀಸಕ್ಕೆ ಇಲ್ಲ.

ಆದ್ದರಿಂದ ಒಣ ಉಪ್ಪುಕಾಗದ, ಗ್ರೈಂಡರ್, ಬಣ್ಣ ಸುಡುವ ಬ್ಲೋ ಲ್ಯಾಂಪ್ ಮೂರೂ ಬೇಡ. ಬಣ್ಣ ಗಟ್ಟಿಯಾಗಿದ್ದರೆ ಒದ್ದೆ ಮಾಡಿ ಹದವಾಗಿ ತೀಡಿ, ಡಬ್ಬಿಯ ಮೇಲೆ 90 ಪಿಪಿಎಂ ಎಂದು ಬರೆದಿರುವ ಹೊಸ ಬಣ್ಣ ಬಳಿಯಿರಿ. ಕಿಟಕಿ ಬಾಗಿಲಿನ ಬಣ್ಣ ಎದ್ದು ಚಕ್ಕೆ ಬರುತ್ತಿದ್ದರೆ ಕೆರೆಯುವ ಬದಲು ಕಳಚಿ ಹೊಸದು ಹಾಕುವುದೇ ಒಳ್ಳೆಯದು. ಕಳಚಿದ ಮರವನ್ನು ಯಾರೂ ಹಂಡೆ ಒಲೆಗೆ ಹಾಕದಂತೆ ನೋಡಿಕೊಳ್ಳಿ. ಹೊಗೆಯಲ್ಲೂ ಬೂದಿಯಲ್ಲೂ ಸೀಸ ಉಳಿಯುತ್ತದೆ. ಆ ಬೂದಿಯಲ್ಲೇ ಪಾತ್ರೆ ತಿಕ್ಕುತ್ತಾರೆ, ಮಿಕ್ಕಿದ್ದು ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ. ಹಬ್ಬದ ಅಡುಗೆಗಂತೂ ಆ ಸೌದೆ ಹೋಗಲೇಬಾರದು.

ಕೆಲಸ ಶುರುವಾಗುವ ಮೊದಲೇ ಅಂಗನವಾಡಿಗಳನ್ನು ನೋಡಿಕೊಳ್ಳುವ ಅಧಿಕಾರಿ ಸಿಡಿಪಿಒ ಅವರಿಗೆ ತಿಳಿಸಿ ಅಂಗನವಾಡಿಯನ್ನು ಬೇರೆ ಕಡೆಗೆ ಸಾಗಿಸಿ. ಪೂರ್ತಿ ಒರೆಸಿ ಮುಗಿಯುವವರೆಗೆ ಮಕ್ಕಳು ವಾಪಸ್ ಬರಬಾರದು. ಹುಡುಗರ ಉತ್ಸಾಹ ಇದಕ್ಕೆ ಬಳಸಿ: ಸಾಮಾನು ಸಾಗಿಸಲಿ, ಮುಂದೆ ಹೊಸ ಬಣ್ಣ ಬಳಿಯಲಿ.

ಇಷ್ಟು ವರ್ಷ ಆಡಿದ ಮಕ್ಕಳ ಬಗ್ಗೆ ಕೇಳಿದ್ದೀರಿ. ಒಡೆಯದ ಶೀಟಿನ ಕೆಳಗೆ ಆಡಿದವರಿಗೆ ಎಕ್ಸ್‌ರೇ ತೆಗೆಸುವ ಅಗತ್ಯವಿಲ್ಲ, ಗಾಬರಿ ಬೇಡ. ಸೀಸಕ್ಕೆ ಮಾತ್ರ ರಕ್ತಪರೀಕ್ಷೆ ಇದೆ. ಬಣ್ಣದ ವರದಿಯಲ್ಲಿ ಸೀಸ ಜಾಸ್ತಿ ಬಂದರೆ ಈಗಿನ ಮಕ್ಕಳನ್ನು ಮಕ್ಕಳ ವೈದ್ಯರಿಗೆ ತೋರಿಸಿ, ಆ ಪರೀಕ್ಷೆಯನ್ನೇ ಹೆಸರು ಹೇಳಿ ಕೇಳಿ. ಅಲ್ಲಿಯವರೆಗೆ ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಸಿ. ರಾಗಿ, ಹಾಲು, ಸೊಪ್ಪು, ಮೊಟ್ಟೆ ತಪ್ಪಿಸಬೇಡಿ. ಕ್ಯಾಲ್ಸಿಯಂ, ಕಬ್ಬಿಣ ಕಡಿಮೆ ಇರುವ ಮಗುವಿನ ದೇಹ ಸೀಸವನ್ನು ಇನ್ನೂ ಹೆಚ್ಚು ಎಳೆದುಕೊಳ್ಳುತ್ತದೆ. ಲ್ಯಾಬ್ ವರದಿ ಬಂದ ಮೇಲೆ ನಮಗೂ ಒಂದು ಪ್ರತಿ ಕಳಿಸಿ, ಮುಂದಿನದನ್ನು ಒಟ್ಟಿಗೆ ಯೋಚಿಸೋಣ.

— ಸಂಪಾದಕ