ಕೆಲಸದ ತಕರಾರು, ವಕೀಲರ ಖರ್ಚು: ವಿಮೆ ಯಾವಾಗ ಮಾಡಿಸಬೇಕು?

ಪ್ರಶ್ನೆ: ನನ್ನ ಮಗಳು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಇಂಜಿನಿಯರ್. ಕಂಪನಿಯಲ್ಲಿ ಜನ ಕಡಿಮೆ ಮಾಡುತ್ತಾರೆ ಅನ್ನೋ ಸುದ್ದಿ ಇದೆಯಂತೆ. ವಕೀಲರ ಖರ್ಚು ಕೊಡುವ ವಿಮೆ ಅಲ್ಲಿ ಸಿಗುತ್ತದೆ, ಮಾಡಿಸಲಾ ಅಂತ ಕೇಳುತ್ತಿದ್ದಾಳೆ. ಅಳಿಯ ಸುಮ್ನೆ ದುಡ್ಡು ದಂಡ ಅಂತಾರೆ. ನಮಗೆ ಕೋರ್ಟು ಅಂದರೆ ಬೇಲಿ ತಕರಾರು, ಸೊಪ್ಪಿನ ಬೆಟ್ಟದ ಕೇಸು, ಅಷ್ಟೇ ಗೊತ್ತು. ಏನು ಹೇಳಲಿ?
– ಅಡಿಕೆ ಬೆಳೆಗಾರರು, ಸಾಗರ ತಾಲ್ಲೂಕು

ಉತ್ತರ: ಮಾಡಿಸಲಿ ಅಂತಲೇ ನಾನು ಹೇಳುತ್ತೇನೆ. ಆದರೆ ಅದಕ್ಕೂ ಮುಂಚೆ ಮಗಳನ್ನು ಒಂದು ಮಾತು ಕೇಳಿ. ಕಂಪನಿಯವರು ಅವಳನ್ನೇ ಕರೆದು ಕೆಲಸ ಬಿಡುವ ಮಾತಾಡಿದ್ದಾರಾ? ಎಚ್ಚರಿಕೆ ಪತ್ರ ಏನಾದರೂ ಕೈಗೆ ಬಂದಿದೆಯಾ? ಬಂದಿದ್ದರೆ ಹೊಸ ಪಾಲಿಸಿ ಆ ತಕರಾರಿಗೆ ಬಹುಮಟ್ಟಿಗೆ ಉಪಯೋಗಕ್ಕೆ ಬರುವುದಿಲ್ಲ. ವಿಮೆಯವರು ನೋಡುವುದು ವಕೀಲರ ಬಿಲ್ಲಿನ ತಾರೀಖನ್ನಲ್ಲ, ತಕರಾರು ಹುಟ್ಟಿದ ದಿನವನ್ನು. ಅದರ ಮೇಲೆ ಕೆಲಸಕ್ಕೆ ಸಂಬಂಧಪಟ್ಟ ಜಗಳಗಳಿಗೆ ಸಾಮಾನ್ಯವಾಗಿ ಮೂರು ತಿಂಗಳು ಕಾಯುವ ಅವಧಿ ಬೇರೆ ಇರುತ್ತದೆ, ಅಂದರೆ ಪಾಲಿಸಿ ಶುರುವಾಗಿ ಮೂರು ತಿಂಗಳೊಳಗೆ ಎದ್ದ ತಕರಾರಿಗೂ ದುಡ್ಡು ಬರುವುದಿಲ್ಲ. ನೀವು ಅಡಿಕೆಗೆ ಬೋರ್ಡೋ ಔಷಧಿ ಹೊಡೆಸುವುದು ಮಳೆ ಹಿಡಿಯುವ ಮುಂಚೆ, ಕೊಳೆ ಬಂದು ಕಾಯಿ ಉದುರಿದ ಮೇಲಲ್ಲ, ಅಲ್ವಾ? ಇದೂ ಹಾಗೇ. ಬರೀ ಗಾಳಿಸುದ್ದಿ ಆಗಿದ್ದರೆ ಇವತ್ತೇ ಮಾಡಿಸಲಿ. ಅರ್ಜಿಯಲ್ಲಿ ಕೇಳಿದ್ದಕ್ಕೆಲ್ಲ ನಿಜ ಬರೆಯಲಿ, ಇಲ್ಲದಿದ್ದರೆ ಬೇಕಾದ ಹೊತ್ತಿಗೆ ಕೈ ಬಿಡುತ್ತಾರೆ.

ಅಳಿಯನಿಗೆ ಒಂದು ವಿಷಯ ಗೊತ್ತಿಲ್ಲ ಅಂತ ಕಾಣುತ್ತದೆ. ಜರ್ಮನಿಯ ಕಾರ್ಮಿಕ ನ್ಯಾಯಾಲಯದಲ್ಲಿ, ಮೊದಲ ಹಂತದಲ್ಲಿ, ಗೆದ್ದವರೂ ತಮ್ಮ ವಕೀಲರ ಫೀಸು ತಾವೇ ಕೊಡಬೇಕು. ಸೋತ ಕಂಪನಿಯಿಂದ ವಸೂಲಿ ಮಾಡುವ ಹಾಗಿಲ್ಲ. ಸಂಬಳದ ಮೇಲೇ ನಿಂತವರಿಗೆ ಇದು ದೊಡ್ಡ ಹೊರೆ. ಹಾಗಾಗಿ ದಂಡ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಪಾಲಿಸಿ ಆರಿಸುವಾಗ ಹೆಸರಿಗೆ ಮರುಳಾಗಬಾರದು. ಅಲ್ಲಿ ಈ ವಿಮೆ ತುಂಡು ತುಂಡಾಗಿ ಸಿಗುತ್ತದೆ. ವಾಹನದ್ದು ಬೇರೆ, ಬಾಡಿಗೆ ಮನೆಯದ್ದು ಬೇರೆ, ಕೆಲಸದ್ದು ಬೇರೆ. ಕಡಿಮೆ ಕಂತಿನ ಪಾಲಿಸಿಯಲ್ಲಿ ಕೆಲಸದ ಭಾಗವೇ ಇಲ್ಲದೆ ಇರಬಹುದು, ಅದನ್ನೇ ಮೊದಲು ಹುಡುಕಲಿ. ಆಮೇಲೆ ಪ್ರತಿ ಕೇಸಿಗೆ ಕೈಯಿಂದ ಎಷ್ಟು ಹಾಕಬೇಕು ಅಂತ ನೋಡಲಿ. 150 ಅಥವಾ 250 ಯೂರೋ ಸಾಮಾನ್ಯ. ಆ ಮೊತ್ತ ಜಾಸ್ತಿ ಇದ್ದರೆ ಕಂತು ಕಡಿಮೆ. ಕೆಲಸ ಕೊಟ್ಟ ಕಂಪನಿಯವರು ಚೌಕಾಸಿ ಮಾಡಿ 'ಇಷ್ಟು ಕೊಡುತ್ತೇವೆ, ಕೆಲಸ ಬಿಡಲು ಒಪ್ಪಿಕೊಳ್ಳಿ' ಅಂತ ಕೊಡುವ ಕರಾರು ಪತ್ರ ಇರುತ್ತದಲ್ಲ, ಅದನ್ನು ವಕೀಲರಿಗೆ ತೋರಿಸುವ ಖರ್ಚೂ ಸೇರಿದೆಯಾ ಅಂತ ಬರವಣಿಗೆಯಲ್ಲಿ ಕೇಳಲಿ. ಅಲ್ಲಿ ಜಾಸ್ತಿ ಜನ ಎಡವುವುದು ಈ ಪತ್ರಕ್ಕೇ. ಸಹಿ ಹಾಕಿದರೆ ಕೋರ್ಟಿನ ದಾರಿ ಹೆಚ್ಚುಕಮ್ಮಿ ಮುಚ್ಚಿತು, ನಿರುದ್ಯೋಗ ಭತ್ಯೆಯನ್ನೂ 12 ವಾರದವರೆಗೆ ತಡೆಹಿಡಿಯಬಹುದು. ಮೇಜಿನ ಮೇಲೆ ಪತ್ರ ಇಟ್ಟು ಪೆನ್ನು ಕೊಟ್ಟರೂ 'ಓದಿಕೊಂಡು ಬರುತ್ತೇನೆ' ಅಂತ ಎದ್ದು ಬರಲಿ.

ಇನ್ನೊಂದು, ವಿಮೆ ಇದ್ದರೂ ಇಲ್ಲದಿದ್ದರೂ. ಕೆಲಸದಿಂದ ತೆಗೆದ ಪತ್ರ ಕೈಗೆ ಸೇರಿದ ಮೂರು ವಾರದೊಳಗೆ ಕೋರ್ಟಿಗೆ ಅರ್ಜಿ ಬೀಳಬೇಕು. ತಪ್ಪಿದರೆ ತೆಗೆದದ್ದು ಸರಿ ಅಂತಲೇ ಲೆಕ್ಕ. ಲಕೋಟೆಯನ್ನು ಎಸೆಯಬಾರದು, ಸಿಕ್ಕಿದ ದಿನವನ್ನು ಅದರ ಮೇಲೇ ಬರೆದಿಡಲಿ. ಈಮೇಲ್‌ನಲ್ಲಿ ತೆಗೆದರೆ ಅಲ್ಲಿ ಅದು ನಡೆಯುವುದಿಲ್ಲ, ಸಹಿ ಹಾಕಿದ ಕಾಗದವೇ ಬೇಕು. ವಿಮೆಯವರ ಒಪ್ಪಿಗೆ ತಡವಾಯಿತು ಅಂತ ಕಾಯುತ್ತಾ ಕೂರಬಾರದು, ಮೊದಲ ಹಂತದಲ್ಲಿ ವಕೀಲರಿಲ್ಲದೆ ತಾನೇ ಅರ್ಜಿ ಹಾಕಬಹುದು.

ವಿಮೆ ಬೇಡ ಅನಿಸಿದರೆ ಕಾರ್ಮಿಕ ಸಂಘ ಇದೆ. ಐಜಿ ಮೆಟಾಲ್‌ನಂಥ ಸಂಘ ಸಂಬಳದ ಶೇಕಡಾ 1ರಷ್ಟು ಚಂದಾ ತಗೊಂಡು ಕೆಲಸದ ಕೇಸನ್ನು ತಾನೇ ನಡೆಸಿಕೊಡುತ್ತದೆ. ಅಲ್ಲೂ ಸದಸ್ಯತ್ವಕ್ಕೆ ಮೂರು ತಿಂಗಳು ಆಗಿರಬೇಕು.

ಪ್ರಶ್ನೆ: ಶಿವಮೊಗ್ಗ ಹತ್ತಿರದ ಒಂದು ಗಾರ್ಮೆಂಟ್ಸ್‌ನಲ್ಲಿ ಏಳು ವರ್ಷ ದುಡಿದು ಬಿಟ್ಟೆ. ಗ್ರಾಚ್ಯುಟಿ ಕೊಡದೆ ಅಲೆಸುತ್ತಿದ್ದಾರೆ. ವಕೀಲರಿಗೆ ಕೊಡಲು ದುಡ್ಡಿಲ್ಲ. ನನ್ನಂಥವರಿಗೂ ವಿಮೆ ಸಿಗುತ್ತಾ?
– ಓದುಗರು, ಭದ್ರಾವತಿ

ಉತ್ತರ: ಈಗ ವಿಮೆ ಹುಡುಕಬೇಡಿ ಅಕ್ಕ, ತಕರಾರು ಆಗಲೇ ಹುಟ್ಟಿಬಿಟ್ಟಿದೆ. ನಿಮಗೆ ವಕೀಲರು ಪುಕ್ಕಟೆ ಸಿಗುತ್ತಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಇದೆ, ಕಾರ್ಖಾನೆ ಕಾರ್ಮಿಕರಿಗೂ ಇದೆ. ಶಿವಮೊಗ್ಗದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೋಗುವಾಗ ಸಂಬಳದ ಚೀಟಿ, ಕಂಪನಿಯ ಗುರುತಿನ ಚೀಟಿ, ಪಿಎಫ್ ಪಾಸ್‌ಬುಕ್ ತಗೊಂಡು ಹೋಗಿ. ಲೆಕ್ಕ ಹೀಗೆ: ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ ಕೂಡಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ ಏಳರಿಂದ ಗುಣಿಸಿ. ಆ ವೇತನ, ಭತ್ಯೆ ಎರಡೂ ಕೂಡಿ 13,000 ಇದ್ದರೆ ನಿಮಗೆ ಬರಬೇಕಾದ್ದು 52,500 ರೂಪಾಯಿ, 30 ದಿನ ಮೀರಿದ್ದಕ್ಕೆ ಬಡ್ಡಿ ಬೇರೆ. ಅರ್ಜಿ ಹೋಗುವುದು ಕಾರ್ಮಿಕ ಇಲಾಖೆಯ ಅಧಿಕಾರಿ ಮುಂದೆ. ಮತ್ತೊಂದು ಸಲ ಗೇಟಿನ ಹತ್ತಿರ ಹೋಗಿ ಕೇಳುವ ಬದಲು ಈ ವಾರವೇ ಅರ್ಜಿ ಬರೆಸಿ, ಸೀಲು ಹಾಕಿದ ನಕಲು ಪ್ರತಿ ಮನೆಯಲ್ಲಿಡಿ.